ಅಜಾತಶತ್ರುವಲ್ಲದ ಶಾಸಕ

ಶಾಸಕರೊಬ್ಬರು ತೀರಿಕೊಂಡಾಗ ನಮ್ಮಲ್ಲಿ ನಡೆಯುವ ವಿಧಿಗಳು ಎಲ್ಲರಿಗೂ ಗೊತ್ತಿರುವಂಥವೇ. ಮುಂದಿನ ಅಧಿವೇಶನದಲ್ಲಿ ಸಂತಾಪ ಸೂಚನೆಯ ನಿರ್ಣಯ ಬರುತ್ತದೆ. ಆಡಳಿತ ಪಕ್ಷದವರು, ವಿರೋಧ ಪಕ್ಷದವರು ಒಬ್ಬೊಬ್ಬರಾಗಿ ಎದ್ದು ನಾಲ್ಕು ಮಾತಾಡುತ್ತಾರೆ. ಆಮೇಲೆ ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಾರೆ. ಆ ನಾಲ್ಕು ಮಾತುಗಳಿಗೆ ಒಂದು ಸಿದ್ಧ ಪದಕೋಶವೇ ಇದೆ: ಸರಳ ಸಜ್ಜನ, ಸ್ನೇಹಜೀವಿ, ಎಲ್ಲರಿಗೂ ಬೇಕಾದವರು, ತುಂಬಲಾರದ ನಷ್ಟ. ಇವೆಲ್ಲಕ್ಕಿಂತ ದೊಡ್ಡ ಬಿರುದು ಅಜಾತಶತ್ರು. ಅಂದರೆ ಶತ್ರುವೇ ಹುಟ್ಟದವನು.

ಸತ್ತವರ ಬಗ್ಗೆ ಒಳ್ಳೆಯ ಮಾತಾಡುವುದು ತಪ್ಪಲ್ಲ. ನಮ್ಮ ಹಟ್ಟಿಯಲ್ಲೂ ಹೆಣದ ಮುಂದೆ ಹಗೆ ಮಾತು ಆಡಬಾರದು ಅಂತಾರೆ. ಆದರೆ ದಲಿತ ಶಾಸಕನೊಬ್ಬನನ್ನು ಈ ಸಭೆ ಅಜಾತಶತ್ರು ಎಂದು ಕರೆದಾಗ ನನಗೆ ಒಳಗೊಳಗೇ ಅನುಮಾನ ಶುರುವಾಗುತ್ತದೆ. ಹತ್ತು ಹದಿನೈದು ವರ್ಷ ವಿಧಾನಸೌಧದಲ್ಲಿ ಕೂತ ಹೊಲೆಯರ ಅಥವಾ ಮಾದಿಗರ ಮನುಷ್ಯನಿಗೆ ಒಬ್ಬ ಶತ್ರುವೂ ಹುಟ್ಟಲಿಲ್ಲ ಎಂದರೆ ಆತ ಅಲ್ಲಿ ಏನು ಮಾಡುತ್ತಿದ್ದ? ಯಾರ ಜಮೀನಿನ ಕಡೆಗೂ ಬೆರಳು ತೋರಿಸಲಿಲ್ಲವೆ? ಯಾವ ಬಾವಿಯ ವಿಷಯವನ್ನೂ ಎತ್ತಲಿಲ್ಲವೆ?

ಈ ಪ್ರಶ್ನೆ ಹಿಡಿದುಕೊಂಡು ಬಿ. ಬಸವಲಿಂಗಪ್ಪನವರನ್ನು ನೆನೆಯಬೇಕು ಅನ್ನಿಸುತ್ತದೆ. 1924ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಈ ಶಾಸಕ, ಮಂತ್ರಿ, ಯಾವ ಅರ್ಥದಲ್ಲೂ ಅಜಾತಶತ್ರುವಾಗಿರಲಿಲ್ಲ. ಸಾಹಿತ್ಯದವರ ನಡುವೆ ಅವರ ಹೆಸರು ಇವತ್ತಿಗೂ ಒಂದೇ ಪದಕ್ಕೆ ಅಂಟಿಕೊಂಡು ಕೂತಿದೆ: ಬೂಸಾ. ದಲಿತ ವಿಮರ್ಶೆಯ ಬಗ್ಗೆ ಮಾತಾಡುವಾಗ ನಾವೂ ಆ ಪದದಿಂದಲೇ ಶುರು ಮಾಡಿ, ಅನೇಕ ಸಲ ಅಲ್ಲೇ ಮುಗಿಸಿಬಿಡುತ್ತೇವೆ. ಪದ ಉಳಿಯಿತು, ಕೆಲಸ ಮರೆಯಾಯಿತು.

ಮೊದಲು ಅವರು ಕೂತಿದ್ದ ಕುರ್ಚಿ ಎಂಥದ್ದು ಎಂಬುದನ್ನು ನೋಡಬೇಕು. ಅವರು ಬೆಂಗಳೂರಿನ ಪಕ್ಕದ ಯಲಹಂಕ ಮೀಸಲು ಕ್ಷೇತ್ರದಿಂದ ಗೆದ್ದು ಬಂದವರು. ಮೀಸಲು ಕ್ಷೇತ್ರ ಎಂದರೆ ದಲಿತರು ಆರಿಸಿ ಕಳಿಸುವ ಕ್ಷೇತ್ರ ಎಂದು ಓದಿದವರಲ್ಲೂ ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತದಾನದ ಹಕ್ಕು ಹೋಯಿತು, ಅದರ ಬದಲಿಗೆ ಮೀಸಲು ಸ್ಥಾನಗಳು ಬಂದವು. ನಿಲ್ಲುವವನು ದಲಿತ, ಓಟು ಹಾಕುವವರು ಎಲ್ಲರೂ. ಬಹುಪಾಲು ಕ್ಷೇತ್ರಗಳಲ್ಲಿ ದಲಿತರ ಓಟಷ್ಟೇ ಗೆಲ್ಲಿಸಲು ಸಾಲದು. ಹೀಗಾಗಿ ಗೌಡರ ಜಗಲಿ, ಶಾನುಭೋಗರ ಮನೆ, ಲಿಂಗಾಯತರ ಬೀದಿ ಎಲ್ಲ ಕಡೆಯೂ ಕೈ ಮುಗಿದು ಬಂದವನೇ ಗೆಲ್ಲುತ್ತಾನೆ. ಒಮ್ಮೆ ಗೆದ್ದ ಮೇಲೆ ಮತ್ತೆ ಗೆಲ್ಲಬೇಕಾದರೆ ಅವರ್ಯಾರ ಮನಸ್ಸನ್ನೂ ನೋಯಿಸುವಂತಿಲ್ಲ. ಅಜಾತಶತ್ರು ಎಂಬುದು ಇಲ್ಲಿ ಗುಣವಲ್ಲ, ಗೆಲ್ಲುವುದಕ್ಕೆ ಹಾಕಿರುವ ಷರತ್ತು. ಅಂಬೇಡ್ಕರ್ ಆ ಒಪ್ಪಂದದ ಬಗ್ಗೆ ಕೊನೆಯವರೆಗೂ ಕಹಿಯಾಗಿದ್ದದ್ದು ಯಾಕೆ ಎಂದು ತಿಳಿಯಬೇಕಾದರೆ ಪುಸ್ತಕ ಓದಬೇಕಾಗಿಲ್ಲ, ಚುನಾವಣೆಯ ವೇಳೆ ಒಬ್ಬ ಮೀಸಲು ಅಭ್ಯರ್ಥಿಯ ಹಿಂದೆ ಎರಡು ದಿನ ಸುತ್ತಿದರೆ ಸಾಕು.

ಇಂಥ ಕುರ್ಚಿಯಲ್ಲಿ ಕೂತ ಮನುಷ್ಯ 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದ ಹೆಚ್ಚಿನ ಪಾಲು ಬೂಸಾ ಎಂಬರ್ಥದ ಮಾತಾಡಿದರು. ಆಗ ಅವರು ದೇವರಾಜ ಅರಸು ಸಂಪುಟದ ಮಂತ್ರಿ. ಮುಂದೆ ನಡೆದದ್ದು ಗೊತ್ತೇ ಇದೆ. ಕನ್ನಡದ ಮಾನ ಹೋಯಿತೆಂದು ಮೆರವಣಿಗೆಗಳು ಹೊರಟವು. ಮೈಸೂರು, ಬೆಂಗಳೂರುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಮಂತ್ರಿ ಆಡಿದ ಮಾತಿಗೆ ಹಾಸ್ಟೆಲಿನ ಹುಡುಗರು ಏಟು ತಿಂದರು. ಇದೊಂದನ್ನು ಬಿಡಿಸಿ ನೋಡಿದರೂ ಸಾಕು, ಜಗಳ ಸಾಹಿತ್ಯದ್ದಲ್ಲ ಎಂದು ಗೊತ್ತಾಗುತ್ತದೆ. ಪಂಪನ ಪರವಾಗಿ, ಕುಮಾರವ್ಯಾಸನ ಪರವಾಗಿ ಯಾರಾದರೂ ವಾದಕ್ಕೆ ಬಂದಿದ್ದರೆ ಅವರು ಮಂತ್ರಿಯ ಜತೆ ವಾದಿಸುತ್ತಿದ್ದರು. ಹಾಸ್ಟೆಲಿನ ಬಾಗಿಲು ಮುರಿಯಲು ಹೋಗುತ್ತಿರಲಿಲ್ಲ.

ಕುವೆಂಪು ಬಸವಲಿಂಗಪ್ಪನವರ ಮಾತಿನ ಬೆಂಬಲಕ್ಕೆ ನಿಂತರು. ಆದರೂ ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಅರಸು ಅವರನ್ನು ಹಿಂದುಳಿದವರ ನಾಯಕ ಎಂದು ಹೊಗಳುವ ನಾವು ಈ ರಾಜೀನಾಮೆಯ ಜಾಗದಲ್ಲಿ ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕುತ್ತೇವೆ. ಹಾವನೂರ್ ಆಯೋಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, ಇವುಗಳ ಮಹತ್ವ ನಾನೇನೂ ಅಲ್ಲಗಳೆಯುತ್ತಿಲ್ಲ. ಆದರೆ ಬೀದಿಯಲ್ಲಿ ಗದ್ದಲವಾದಾಗ ಸರ್ಕಾರ ಕೈಬಿಟ್ಟದ್ದು ತನ್ನ ದಲಿತ ಮಂತ್ರಿಯನ್ನು, ಇದೂ ಅದೇ ಚರಿತ್ರೆಯ ಪುಟ.

ಇನ್ನು ಆ ಪದ. ಬೂಸಾ ಬೈಗುಳವಾಗಿ ಕೇಳಿಸಿದ್ದು ಹಸು ಕಟ್ಟಿ ಹಾಲು ಕುಡಿಯುವವರಿಗೆ. ಬೇರೆಯವರ ದನ ಕಾಯುತ್ತಿದ್ದ ಜೀತದ ಹುಡುಗನಿಗೆ ಅದರಲ್ಲಿ ಬೈಗುಳವೇನೂ ಇಲ್ಲ, ಅದು ದಿನಾ ಕಲಸಿ ಇಡುವ ಪದಾರ್ಥ. ಕಾಳು ಮನೆಯೊಳಕ್ಕೆ ಹೋದ ಮೇಲೆ ಉಳಿಯುವ ಹೊಟ್ಟು, ತೌಡು ಅದು. ಹೊಟ್ಟೆ ತುಂಬುತ್ತದೆ, ಆದರೆ ಮನುಷ್ಯರಿಗಲ್ಲ. ಒಂದು ಸಾಹಿತ್ಯವನ್ನು ಬೂಸಾ ಎಂದು ಕರೆದವನು ಕೇಳುತ್ತಿರುವುದು ಇಷ್ಟೆ: ಇದರ ಕಾಳು ಯಾರ ಕಣಜಕ್ಕೆ ಹೋಯಿತು? ನಮ್ಮ ಪಾಲಿಗೆ ಬಂದದ್ದು ಏನು? ಇದು ವಿಮರ್ಶೆಯ ಪ್ರಶ್ನೆಯೇ ಹೌದು. ರಸ, ಧ್ವನಿ, ಔಚಿತ್ಯಗಳ ಭಾಷೆಯಲ್ಲಿ ಕೇಳಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಮುಂದೆ ದಲಿತ, ಬಂಡಾಯ ವಿಮರ್ಶಕರು ಯಜಮಾನಿಕೆ, ಪುರೋಹಿತಶಾಹಿ, ಅಸ್ಮಿತೆ ಎಂದು ಪುಟಗಟ್ಟಲೆ ಬರೆದದ್ದರ ಬೀಜ ಈ ಒಂದು ಒರಟು ಪದದಲ್ಲಿತ್ತು.

ಹಾಗೆಂದು ಮಾತು ಪೂರ್ತಿ ಸರಿ ಎಂದು ನಾನು ಹೇಳಲಾರೆ. ವಚನಗಳಿದ್ದ, ತತ್ವಪದಗಳಿದ್ದ, ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯಗಳಿದ್ದ ಭಾಷೆಯನ್ನು ಒಂದೇ ತಕ್ಕಡಿಯಲ್ಲಿ ತೂಗುವುದಕ್ಕಾಗುವುದಿಲ್ಲ. ಮಂತ್ರಿಗಳ ಕಣ್ಣ ಮುಂದೆ ಇದ್ದದ್ದು ಪಠ್ಯಪುಸ್ತಕದ ಕನ್ನಡ. ಕೇರಿಯ ಕನ್ನಡ ಸಾಹಿತ್ಯವೆಂದು ಆಗ ಲೆಕ್ಕಕ್ಕೆ ಬಂದಿರಲಿಲ್ಲ, ಅವರಿಗೂ ಕೂಡ. ದೇವನೂರ ಮಹಾದೇವರ ‘ದ್ಯಾವನೂರು’ ಬಂದದ್ದೂ ಅದೇ 1973ರಲ್ಲಿ. ಎರಡು ವರ್ಷಕ್ಕೆ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಬೂಸಾ ಗಲಾಟೆಯಲ್ಲಿ ಒಂದಾದ ಹುಡುಗರೇ ಮುಂದೆ ದಲಿತ ಚಳವಳಿಗೆ ಬಲವಾದರು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಕನ್ನಡ ಸಾಹಿತ್ಯವನ್ನು ಬೈದ ಮಾತೊಂದು ಕನ್ನಡ ಸಾಹಿತ್ಯಕ್ಕೇ ಹೊಸ ಕಾಳು ತಂದಿತು. ಕನ್ನಡದ ಮಾನ ಕಾಯಲು ಹೊರಟ ಮೆರವಣಿಗೆಗಳಿಂದ ಹಾಗೆ ಬಂದದ್ದು ಏನಿದೆಯೋ ನನಗೆ ಕಾಣಿಸಿಲ್ಲ.

ಇಷ್ಟನ್ನು ಬೇರೆಯವರೂ ಬರೆದಿದ್ದಾರೆ. ನನಗೆ ಮುಖ್ಯವಾದದ್ದು ಇನ್ನೊಂದು. ಅದೇ ಮಂತ್ರಿ, ಅದೇ ಕಾಲದಲ್ಲಿ, ಪೌರಾಡಳಿತದ ಹೊಣೆ ಹೊತ್ತಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧ ಮಾಡಿದರು.

ಇವತ್ತಿನ ಓದುಗರಿಗೆ ಆ ಪದ್ಧತಿ ಏನೆಂದು ಬಿಡಿಸಿ ಹೇಳಬೇಕಾಗಿದೆ. ಹಳೆಯ ಪೇಟೆಗಳಲ್ಲಿ ಮನೆಯ ಹಿಂದೆ ಒಂದು ಸಂದಿ ಇರುತ್ತಿತ್ತು. ಪಾಯಿಖಾನೆಗೆ ನೀರು ಹಾಯುತ್ತಿರಲಿಲ್ಲ. ಕೂತವರ ಕೆಳಗೆ ಒಂದು ಡಬ್ಬವೋ, ಬರೀ ನೆಲವೋ, ಅದರ ಹಿಂದಕ್ಕೆ ಸಂದಿಯ ಕಡೆಗೆ ಒಂದು ಸಣ್ಣ ಕಿಂಡಿಯೋ ಇರುತ್ತಿತ್ತು. ಬೆಳಗಿನ ಜಾವ ಜಾಡಮಾಲಿಗಳು, ಹೆಚ್ಚಾಗಿ ಹೆಂಗಸರು, ಆ ಸಂದಿಯಲ್ಲಿ ಬಂದು ಕಿಂಡಿಗೆ ಕೈ ಹಾಕಿ, ತಗಡಿನ ಚೂರಿನಿಂದ ಗೋರಿ, ಬುಟ್ಟಿಗೋ ಡಬ್ಬಕ್ಕೋ ತುಂಬಿ, ತಲೆ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ಅದು ಮುಖದ ಮೇಲೆ ಇಳಿಯುತ್ತಿತ್ತು. ಮನೆಯವರು ಅವರ ಮುಖ ನೋಡದೆ ಇರಲೆಂದೇ ಆ ಸಂದಿ. ಊರಿನ ನಕಾಶೆಯೊಳಗೇ ಅಸ್ಪೃಶ್ಯತೆಗೆ ಒಂದು ಬೀದಿ ಕೊಟ್ಟಿದ್ದರು ಎನ್ನಬೇಕು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಆ ಸಂದಿಗಳು ಇನ್ನೂ ಇವೆ, ಈಗ ಸ್ಕೂಟರು ನಿಲ್ಲಿಸುತ್ತಾರೆ.

ನಿಷೇಧದ ಹೊಸತನ ಎಲ್ಲಿದೆ? ಮಲ ಹೊರುವುದನ್ನು ಅಲ್ಲಿಯ ತನಕ ಜಾತಿಯ ಕಸುಬು, ಹಿಂದಿನಿಂದ ಬಂದದ್ದು ಎಂದೇ ನೋಡುತ್ತಿದ್ದರು. ಗಾಂಧಿಯವರೂ ಅದನ್ನು ಪವಿತ್ರ ಸೇವೆ ಎಂಬಂತೆ ಕಂಡವರು. ಆದರೆ ಬುಟ್ಟಿ ಹೊರುವವರಿಗೆ ಸಂಬಳ ಕೊಡುತ್ತಿದ್ದದ್ದು ಯಾರು? ಪುರಸಭೆ. ಹಾಜರಿ ಹಾಕುತ್ತಿದ್ದದ್ದು ಪುರಸಭೆಯ ಮೇಸ್ತ್ರಿ. ಅಂದರೆ ಇದು ಜಾತಿಯ ಪದ್ಧತಿಯಷ್ಟೇ ಅಲ್ಲ, ಸರ್ಕಾರವೇ ನಡೆಸುತ್ತಿದ್ದ ಪದ್ಧತಿ. ಪೌರಾಡಳಿತ ಮಂತ್ರಿ ಅದನ್ನು ನಿಷೇಧಿಸಿದರೆಂದರೆ ತನ್ನದೇ ಇಲಾಖೆಯ ದಿನನಿತ್ಯದ ಕೆಲಸವನ್ನು ಅಪರಾಧವೆಂದು ಒಪ್ಪಿಕೊಂಡಂತಾಯಿತು. ಸೇವೆ, ಪವಿತ್ರ, ಕರ್ಮ ಇತ್ಯಾದಿ ಪದಗಳನ್ನೆಲ್ಲ ಬದಿಗಿಟ್ಟು ಬುಟ್ಟಿಯನ್ನು ಬುಟ್ಟಿ ಎಂದೇ ಕಂಡದ್ದು ಇಲ್ಲಿಯ ವಿಶೇಷ. ಬೂಸಾ ಎಂದ ಬಾಯಿ, ಬುಟ್ಟಿ ಇಳಿಸಿದ ಕೈ ಎರಡೂ ಒಬ್ಬರದೇ ಎಂಬುದನ್ನು ವಿಮರ್ಶಕರು ಒಟ್ಟಿಗೆ ಇಟ್ಟು ನೋಡಿದ್ದು ಕಡಿಮೆ. ಎರಡರಲ್ಲೂ ಇರುವ ನೋಟ ಒಂದೇ.

ಪೌರಕಾರ್ಮಿಕರ ಕಾಲೊನಿಯೊಂದರಲ್ಲಿ ಒಬ್ಬ ಮುದುಕಿಯನ್ನು ಹಿಂದೊಮ್ಮೆ ಮಾತಾಡಿಸಿದ್ದೆ. ಬಸವಲಿಂಗಪ್ಪ ಗೊತ್ತಾ ಅಂತ ಕೇಳಿದೆ. “ಗೊತ್ತಿಲ್ದೆ ಏನಪ್ಪಾ, ಬುಟ್ಟಿ ಇಳಿಸ್ದೋನಲ್ವಾ” ಅಂದಳು. ಬೂಸಾ ಗಲಾಟೆಯ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಬೂಸಾ ದನಕ್ಕಿಕ್ಕೋದಲ್ವಾ, ಅದಕ್ಯಾಕೆ ಹೊಡೆದಾಡಿದ್ರು?” ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನನಗೆ ಉತ್ತರ ಕೊಡಲಾಗದ ಇನ್ನೊಂದು ಮಾತು ಕೇಳಿದಳು: “ಬುಟ್ಟಿ ಇಳಿಸ್ದ, ದೊಡ್ಡ ಮನುಷ್ಯ. ನನ್ನ ಮಗ ಗುಂಡಿಗೆ ಇಳಿಯೋದನ್ನ ಯಾರಪ್ಪ ನಿಲ್ಸೋರು?”

ಆಕೆಯ ಮಾತಿನಲ್ಲಿ ಆ ಆದೇಶದ ಮಿತಿ ಪೂರ್ತಿ ಇದೆ. ತಲೆಯಿಂದ ಬುಟ್ಟಿ ಇಳಿಯಿತು. ಪಾಯಿಖಾನೆಗಳಿಗೆ ನೀರು ಬಂತು, ನೆಲದಡಿಗೆ ಪೈಪು ಬಂತು. ಹೆಂಗಸರ ತಲೆಯಿಂದ ಇಳಿದದ್ದು ಗಂಡಸರನ್ನು ಮ್ಯಾನ್‌ಹೋಲಿನೊಳಕ್ಕೆ ಇಳಿಸಿತು. ಜಾತಿ ಮಾತ್ರ ಅದೇ. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ, ಬಸವಲಿಂಗಪ್ಪ ತೀರಿಕೊಂಡ ಮರುವರ್ಷ. ಆ ಕಾನೂನು ಮಾಡಿಕೊಡಿ ಎಂದು ನಿರ್ಣಯ ಮಾಡಿ ಸಂಸತ್ತನ್ನು ಕೇಳಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಜಾರಿಗೆ ಬರಲು 1997ರ ಜನವರಿಯವರೆಗೆ ಕಾಯಬೇಕಾಯಿತು. ಮುಖ್ಯವಾಗಿ ಒಣ ಪಾಯಿಖಾನೆಯನ್ನೇ ಗುರಿಯಾಗಿಟ್ಟುಕೊಂಡ ಆ ಕಾನೂನಿಗೆ ಮ್ಯಾನ್‌ಹೋಲು ಕಾಣಲಿಲ್ಲ. 2013ರ ಹೊಸ ಕಾಯ್ದೆ ಚರಂಡಿ, ಸೆಪ್ಟಿಕ್ ಟ್ಯಾಂಕುಗಳೊಳಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನೂ ಸೇರಿಸಿ, ಮೊದಲ ಸಲದ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಬರೆಯಿತು. 2014ರಲ್ಲಿ ಸುಪ್ರೀಂ ಕೋರ್ಟು ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವಿನ ದರ ಏರುತ್ತಿದೆ. ಇಳಿಸಿದವನು ಜೈಲಿಗೆ ಹೋದ ಸುದ್ದಿ ಮಾತ್ರ ಪತ್ರಿಕೆಯಲ್ಲಿ ಹುಡುಕಿ ಓದಬೇಕು.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಇದ್ದ ಮನೆಗಳಿಂದ ಅವರನ್ನು ಎಬ್ಬಿಸುವ ಪ್ರಯತ್ನದ ವಿರುದ್ಧ ಮಾಡಿದ ಪ್ರತಿಭಟನೆ ಅದು. ಅರ್ಜಿ ಕೊಟ್ಟರೆ ಯಾರೂ ಓದುವುದಿಲ್ಲ, ಹೀಗೆ ಮಾಡಿದರೆ ನೋಡದೆ ವಿಧಿಯಿಲ್ಲ ಎಂದು ಅವರಿಗೆ ಗೊತ್ತಿತ್ತು. ನಿಷೇಧವಾಗಿ ಮೂವತ್ತೈದು ವರ್ಷಗಳ ಮೇಲೆ, ನಿಷೇಧವಾದ ವಸ್ತುವೇ ಅವರ ಕೈಯಲ್ಲಿದ್ದ ಒಂದೇ ಭಾಷೆಯಾಗಿತ್ತು.

ಇನ್ನೊಂದು ಮಾತು. ಬುಟ್ಟಿ ಹೊತ್ತವರು ದಲಿತರೊಳಗೂ ಎಲ್ಲರೂ ಅಲ್ಲ. ಎಡಗೈ, ಬಲಗೈ ಎಂದು ನಮ್ಮೊಳಗೇ ಗೆರೆಗಳಿವೆ, ಅವುಗಳಿಗೂ ಕೆಳಗೆ ಭಂಗಿಗಳಂಥ ಸಣ್ಣ ಸಮುದಾಯಗಳಿವೆ. ದಲಿತ ಸಾಹಿತ್ಯದಲ್ಲಿ ಈ ಜನರ ಮಾತು ಎಷ್ಟು ಬಂದಿದೆ ಎಂದು ಕೇಳಿದರೆ ನಾವೂ ತಲೆ ತಗ್ಗಿಸಬೇಕಾಗುತ್ತದೆ. ಬೂಸಾ ಎಂಬ ಪ್ರಶ್ನೆ ಮೇಲ್ಜಾತಿಗಳ ಸಾಹಿತ್ಯಕ್ಕೆ ಮಾತ್ರ ಕೇಳಿದ್ದು ಎಂದುಕೊಂಡು ನೆಮ್ಮದಿಯಾಗಿರುವಂತಿಲ್ಲ.

ಜಮೀನಿನ ವಿಷಯವನ್ನು ಇಲ್ಲಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹಳೇ ಮೈಸೂರಿನ ಕೇರಿಗಳಲ್ಲಿ ಬಸವಲಿಂಗಪ್ಪನವರ ಹೆಸರನ್ನು ಹಿರಿಯರು ಇನ್ನೊಂದು ಕಾಯ್ದೆಯ ಜತೆಗೂ ನೆನೆಯುತ್ತಾರೆ. ಅದು 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈಬದಲಾಗುವುದನ್ನು ತಡೆಯಲು ಅರಸು ಕಾಲದಲ್ಲಿ ಆದದ್ದು. ಅದು ಕೆಲಸ ಮಾಡುವ ರೀತಿ ಸರಳ. ದಲಿತನಿಗೆ ಸರ್ಕಾರ ಎರಡೆಕರೆ ಕೊಡುತ್ತದೆ, ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಹಾಕುತ್ತದೆ. ಮದುವೆಗೋ ಕಾಯಿಲೆಗೋ ಆತ ಪಕ್ಕದ ಹೊಲದವನ ಹತ್ತಿರ ಸಾಲ ಮಾಡುತ್ತಾನೆ. ನಾಲ್ಕು ವರ್ಷಕ್ಕೆ ಕ್ರಯಪತ್ರಕ್ಕೆ ಹೆಬ್ಬೆಟ್ಟು ಬೀಳುತ್ತದೆ. ಕಾಯ್ದೆ ಹೇಳುವುದು: ಷರತ್ತು ಮುರಿದು ಆದ ಅಂಥ ಮಾರಾಟ ಕಾಯ್ದೆಗಿಂತ ಮುಂಚೆ ಆಗಿದ್ದರೂ ಅದು ಅಸಿಂಧು, ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮಾರುವಂತೆಯೇ ಇಲ್ಲ. ಉಪವಿಭಾಗಾಧಿಕಾರಿ ಜಮೀನನ್ನು ಬಿಡಿಸಿ ಮೂಲ ಮಂಜೂರಿದಾರನಿಗೋ ವಾರಸುದಾರರಿಗೋ ಕೊಡಬೇಕು. ಹೆಬ್ಬೆಟ್ಟು ಒತ್ತಿದವನ ಸಮ್ಮತಿಯನ್ನು ಕಾನೂನು ಸಮ್ಮತಿಯೆಂದೇ ಒಪ್ಪಲಿಲ್ಲ. ಹಸಿವಿನಲ್ಲಿ ಕೊಟ್ಟ ಮಾತಿಗೆ ಬೆಲೆಯಿಲ್ಲ ಎಂದಂತೆ. ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಶತ್ರುಗಳು ಹುಟ್ಟುವುದು ಇಂಥ ಜಾಗದಲ್ಲಿ. ಕವಿತೆಯೊಂದನ್ನು ಬೈದರೆ ಒಂದು ತಿಂಗಳ ಮೆರವಣಿಗೆ, ಎರಡೆಕರೆ ಮುಟ್ಟಿದರೆ ಮೂರು ತಲೆಮಾರಿನ ಹಗೆ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನು ಸಮಂಜಸವಾದ ಅವಧಿಯೊಳಗೆ ಹಾಕಬೇಕು ಎಂದಿತು. ಎಷ್ಟೋ ಕುಟುಂಬಗಳಿಗೆ ತಾತನ ಹೆಸರಿನಲ್ಲಿ ಜಮೀನಿತ್ತು ಎಂಬುದು ಗೊತ್ತಾಗುವುದೇ ಮೊಮ್ಮಗ ಪಹಣಿ ಓದುವಷ್ಟು ಕಲಿತಾಗ. ಅಷ್ಟರಲ್ಲಿ ಸಮಂಜಸವಾದ ಅವಧಿ ಮುಗಿದಿರುತ್ತದೆ. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂತು ಹೋರಾಡಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಆಯಿತು. ಆದರೂ ವಿಳಂಬದ ವಾದ ಕೋರ್ಟುಗಳಲ್ಲಿ ನಿಂತಿಲ್ಲ. ಅವರ ಯಲಹಂಕವೇ 2008ರ ಕ್ಷೇತ್ರ ವಿಂಗಡಣೆಯಲ್ಲಿ ಮೀಸಲು ಪಟ್ಟಿಯಿಂದ ಹೊರಗೆ ಹೋಯಿತು. ಅದೇ ವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆ ದಾರಿಯ ಇಕ್ಕೆಲದ ಜಮೀನಿನ ಬೆಲೆ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಬಸವಲಿಂಗಪ್ಪ ಸಂತರೇನೂ ಆಗಿರಲಿಲ್ಲ. ತಮ್ಮನ್ನು ಕೈಬಿಟ್ಟ ರಾಜಕಾರಣಕ್ಕೇ ಮರಳಿ ಮತ್ತೆ ಮಂತ್ರಿಯಾದರು. ಚಳವಳಿಯ ಹುಡುಗರು ಬೀದಿಯಲ್ಲಿದ್ದಾಗ ಅವರು ಅಧಿಕಾರದಲ್ಲಿದ್ದರು, ಆ ದೂರ ಕೊನೆಯವರೆಗೂ ಉಳಿಯಿತು. ಇದನ್ನು ತಪ್ಪು ಎಂದು ಹೇಳುವುದು ಸುಲಭ. ಆದರೆ 1988ರಲ್ಲಿ ಸಿದ್ದಲಿಂಗಯ್ಯನವರೇ ವಿಧಾನ ಪರಿಷತ್ತಿಗೆ ಹೋದಾಗ ಚಳವಳಿಯೊಳಗೆ ಎದ್ದ ಪ್ರಶ್ನೆಗಳು ಇವೇ: ಒಳಗೆ ಹೋಗಿ ಮಾಡಬಹುದೆ, ಹೊರಗಿದ್ದೇ ಮಾಡಬೇಕೆ? ಬುಟ್ಟಿ ಇಳಿಸಿದ ಆದೇಶಕ್ಕೆ ಮಂತ್ರಿಯ ಅಧಿಕಾರ ಬೇಕಿತ್ತು. ಬೂಸಾ ಎಂದ ಮಾತು ಆ ಅಧಿಕಾರವನ್ನೇ ತಿಂದಿತು. ಎರಡನ್ನೂ ಒಬ್ಬನೇ ಮಾಡಿದ ಎಂಬುದಕ್ಕೇ ಈ ಮನುಷ್ಯ ನಮ್ಮ ವಿಮರ್ಶೆಗೆ ಕಷ್ಟದ ವಿಷಯ.

ನಮ್ಮ ವಿಮರ್ಶಕರು ಕಾದಂಬರಿಯನ್ನು ಪಠ್ಯವೆಂದು ಓದುತ್ತಾರೆ, ಜನಪದ ಕಾವ್ಯವನ್ನು ಓದುತ್ತಾರೆ, ಈಚೆಗೆ ಸಿನಿಮಾವನ್ನೂ ಓದುತ್ತಾರೆ. ದಲಿತ ಶಾಸಕರ ಮಾತುಗಳನ್ನು, ಅವರು ಹೊರಡಿಸಿದ ಆದೇಶಗಳನ್ನು, ಮಂಡಿಸಿದ ಮಸೂದೆಗಳನ್ನು ಯಾರೂ ಹಾಗೆ ಕೂತು ಓದಿಲ್ಲ. ವಿಧಾನಮಂಡಲದ ನಡವಳಿಗಳು ಅಚ್ಚಾಗಿ ಸಂಪುಟಗಳಲ್ಲಿವೆ. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ವಿಷಯ ಹುಡುಕುವ ನಮ್ಮ ಹುಡುಗ ಹುಡುಗಿಯರಲ್ಲಿ ಯಾರಾದರೂ ಒಬ್ಬರು ಅಲ್ಲಿಗೆ ಹೋಗಿ ಕೂರಬೇಕು. 1972ರಿಂದ ಶುರು ಮಾಡಿದರೆ ಸಾಕು. ಅರಸು ಕಾಲದ ಸಂಪುಟಗಳಾದ ಮೇಲೆ 1993ರ ಮೊದಲ ಅಧಿವೇಶನದ ಪುಟಗಳನ್ನೂ ತೆಗೆದು, ಬಸವಲಿಂಗಪ್ಪನವರ ಬಗ್ಗೆ ಸದಸ್ಯರು ಆಡಿದ ಮಾತಿನಲ್ಲಿ ಸಜ್ಜನಿಕೆ ಎಷ್ಟು ಸಲ ಬಂದಿದೆ, ಬುಟ್ಟಿ ಎಷ್ಟು ಸಲ ಬಂದಿದೆ ಎಂದು ಎಣಿಸಿಕೊಂಡು ಬರಬೇಕು.